ಕಾವ್ಯದ ಹಂಸವೂ ಬಯಲುಸೀಮೆಯ ಕೆರೆಗಳೂ

ಕನ್ನಡದ ಪ್ರೌಢಕಾವ್ಯಗಳಲ್ಲಿ ಸರೋವರದ ವರ್ಣನೆ ಮೊದಲಾಯಿತೆಂದರೆ ತಾವರೆಯ ಹಿಂದೆಯೇ ಹಂಸವು ಬರುವುದು ನಿಯತವಾದುದು. ಉಪಾಧ್ಯಾಯರು ಇಂಥ ಪದ್ಯಗಳನ್ನು ಪಾಠ ಹೇಳುವಾಗ ‘ಇದು ಕವಿಸಮಯ’ ಎಂದು ಒಂದು ಮಾತಿನಲ್ಲಿ ಮುಗಿಸಿ ಮುಂದಿನ ಪದ್ಯಕ್ಕೆ ನಡೆಯುವುದು ವಾಡಿಕೆ. ಇದಕ್ಕೆ ಆಧಾರವಿಲ್ಲದೆ ಇಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ, ಇಲ್ಲದುದನ್ನು ಇರುವಂತೆ ವರ್ಣಿಸುವ ಸಂಪ್ರದಾಯಗಳ ಸಾಲಿನಲ್ಲಿ, ನೀರಿರುವ ಎಡೆಯಲ್ಲೆಲ್ಲಾ ಹಂಸಗಳನ್ನು ಹೇಳುವುದನ್ನು ಸೇರಿಸಿದ್ದಾನೆ. ಆದರೆ ಈ ಮಾತಿನಿಂದ ಹಂಸವೇ ಒಂದು ಕಲ್ಪಿತ ಪಕ್ಷಿಯೆಂಬ ಅರ್ಥವನ್ನು ತೆಗೆಯುವುದು ಸರಿಯಲ್ಲ. ಅವನು ಕಲ್ಪಿತವೆಂದುದು ‘ಎಲ್ಲೆಲ್ಲಿಯೂ’ ಎಂಬುದನ್ನೇ ಹೊರತು ಹಕ್ಕಿಯನ್ನಲ್ಲ. ಎಲ್ಲ ಕೆರೆಗಳಲ್ಲಿಯೂ ಇಲ್ಲವೆನ್ನುವವನು ಕೆಲವು ಕೆರೆಗಳಲ್ಲಿ ಉಂಟೆಂದು ಒಪ್ಪಿಯೇ ಹಾಗೆ ಹೇಳಿರಬೇಕು.

ಹಾಗಾದರೆ ಹಂಸವು ಯಾವ ಪಕ್ಷಿ? ಅಮರಸಿಂಹನು ಬಿಳಿಯ ಮೈಯೂ ಕೆಂಪಾದ ಕೊಕ್ಕು ಕಾಲುಗಳೂ ಉಳ್ಳುದನ್ನು ರಾಜಹಂಸವೆಂದು ಹೇಳುತ್ತಾನೆ. ಪಾಶ್ಚಾತ್ಯ ಚಿತ್ರಗಳನ್ನು ನೋಡಿ ಬೆಳೆದವರು ನೀಳಗೊರಳಿನ ಯೂರೋಪಿನ ಸ್ವಾನ್ ಪಕ್ಷಿಯೇ ಇದೆಂದು ನಂಬಿದ್ದಾರೆ. ಶಾಲೆಯ ಪುಸ್ತಕಗಳಲ್ಲಿಯೂ ಕ್ಯಾಲೆಂಡರುಗಳಲ್ಲಿಯೂ ಶಾರದೆಯ ಬಳಿ ಕಾಣುವುದು ಅದೇ. ಆದರೆ ಅಲ್ಲಿಯ ಸಾಮಾನ್ಯ ಸ್ವಾನಿನ ಕಾಲು ಕಪ್ಪು. ಇಂದು ಕನ್ನಡದಲ್ಲಿ ರಾಜಹಂಸವೆಂದು ಕರೆಯುವ ಫ್ಲೆಮಿಂಗೋವಿಗೆ ಕಾಲಿನ ಬಣ್ಣ ಒಪ್ಪುತ್ತದೆಯಾದರೂ ಅದು ಮಾನಸದ ಕಡೆಗೆ ಹೋಗುವ ಹಕ್ಕಿಯಲ್ಲ. ಉಳಿಯುವುದು ಪಟ್ಟೆತಲೆಯ ಹೆಬ್ಬಾತು: ಬೂದುಮಿಶ್ರಿತ ಬಿಳುಪು, ಕಿತ್ತಳೆಯತ್ತ ಸಾಗುವ ಹಳದಿಯ ಕೊಕ್ಕು ಕಾಲುಗಳು, ಬಿಳಿಯ ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆಗಳು. ಅಮರನ ಲಕ್ಷಣ ಇದಕ್ಕೂ ಅಕ್ಷರಶಃ ಹೊಂದುವುದಿಲ್ಲ. ಡಚ್ ವಿದ್ವಾಂಸ ಫೋಗೆಲರು ಭಾರತೀಯ ಸಾಹಿತ್ಯ ಶಿಲ್ಪಗಳ ಹಂಸವನ್ನು ಕುರಿತೇ ಬರೆದ, 1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅದು ಬಾತಿನ ಜಾತಿಯದೆಂಬ ಪಕ್ಷವನ್ನು ಹಿಡಿದರು. 1985ರಲ್ಲಿ ಪ್ರಕಟವಾದ ಸಂಸ್ಕೃತ ಸಾಹಿತ್ಯದ ಪಕ್ಷಿಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಕೆ. ಎನ್. ದವೆಯವರು ಆ ಹೆಸರಿನ ವ್ಯಾಪ್ತಿಯನ್ನು ಹಿಗ್ಗಿಸಿದರು. ಬಣ್ಣವನ್ನು ಹಿಡಿದು ಮಾಡುವ ವಾದ ಇತ್ಯರ್ಥವಾಗುವಂತೆ ತೋರುವುದಿಲ್ಲ. ಕವಿಗಳು ನಿಶ್ಚಯವಾಗಿ ಹೇಳುವುದು ಹಕ್ಕಿಯ ಬಣ್ಣವನ್ನಲ್ಲ, ಅದರ ಬರವುಹೋಗುಗಳನ್ನು, ಪರೀಕ್ಷಿಸಬೇಕಾದುದೂ ಅದನ್ನೇ.

ಮೇಘದೂತದಲ್ಲಿ ಆಷಾಢದ ಮೋಡದ ಗುಡುಗನ್ನು ಕೇಳಿ ಹಂಸಗಳು ಮಾನಸಕ್ಕೆ ಹಾತೊರೆದು ಹೊರಡುತ್ತವೆ; ಶರತ್ಕಾಲದಲ್ಲಿ ಹಿಂದಿರುಗುತ್ತವೆ. ಮುಂದಿನ ಕವಿಗಳಿಗೆಲ್ಲಾ ಇದೇ ಪಂಚಾಂಗ. ಕನ್ನಡ ಕವಿಗಳೂ ಇದನ್ನು ತಿದ್ದದೆ ಅಂಗೀಕರಿಸಿದರು. ಹೆಬ್ಬಾತುಗಳ ನಡೆಯೇನು? ಟಿಬೇಟು, ಲಡಾಖು, ಮಂಗೋಲಿಯಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ, ಚಳಿಗಾಲವನ್ನು ಕಳೆಯಲು ದಕ್ಷಿಣಕ್ಕೆ ಬರುತ್ತವೆ. ಉಪಗ್ರಹದ ನೆರವಿನಿಂದ ಅವುಗಳ ದಾರಿಯನ್ನು ಅಳೆದವರಿಗೆ 7,290 ಮೀಟರುಗಳ ಎತ್ತರದಲ್ಲಿಯೂ ಹಾರಾಟ ಕಂಡಿದೆ. ಕ್ರೌಂಚಪರ್ವತದ ಬಿರುಕೇ ಹಂಸಗಳ ಬಾಗಿಲೆಂಬ ಕಾಳಿದಾಸನ ಮಾತನ್ನು ಈಗ ಬರಿಯ ಚಮತ್ಕಾರವೆನ್ನುವುದು ಕಷ್ಟ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಗದಗು ಜಿಲ್ಲೆಯ ಮಾಗಡಿ ಕೆರೆಯೂ ಮೈಸೂರಿನ ಬಳಿಯ ಹದಿನಾರು ಕೆರೆಯೂ ಅವುಗಳ ಪ್ರಸಿದ್ಧ ಬೀಡುಗಳು.

ಬರುವ ಕಾಲದಲ್ಲಿ ಕವಿಗೂ ಹಕ್ಕಿಗೂ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಹೋಗುವ ಕಾಲದಲ್ಲಿ. ಚೈತ್ರವು ಮುಗಿಯುವುದರೊಳಗೆ ಹೆಬ್ಬಾತುಗಳು ಈ ನಾಡನ್ನು ಬಿಟ್ಟಿರುತ್ತವೆ. ಯಕ್ಷನ ಮೋಡ ರಾಮಗಿರಿಯಲ್ಲಿ ತಲೆದೋರುವ ಹೊತ್ತಿಗೆ ಅವು ಉತ್ತರದ ಗೂಡುಗಳಲ್ಲಿರುತ್ತವೆ. ಎಂದರೆ ಕವಿಯು ಬೇಸಗೆಯ ಮೂರು ತಿಂಗಳನ್ನು ಮಡಿಸಿಟ್ಟು ಹಕ್ಕಿಯ ಅಗಲಿಕೆಯನ್ನು ಮಳೆಯ ಮೊದಲಿಗೆ, ವಿರಹದ ಮೊದಲಿಗೆ, ತಂದು ಕೂಡಿಸಿದ್ದಾನೆ. ಇದು ಅಜ್ಞಾನವಲ್ಲ, ರಸಕ್ಕಾಗಿ ಮಾಡಿದ ಆಯ್ಕೆ. ಹಾಗೆಂದು ತಿಳಿಯಬೇಕಾದರೆ ಹಕ್ಕಿಯ ನಿಜವಾದ ಕಾಲ ಓದುಗನಿಗೆ ಗೊತ್ತಿರಬೇಕು. ‘ಕವಿಸಮಯ’ವೆಂಬ ಒಂದೇ ಮಾತಿನಲ್ಲಿ ಪಾಠವನ್ನು ಮುಗಿಸಿದಾಗ ನಷ್ಟವಾಗುವುದು ಈ ಆಯ್ಕೆಯ ಅರಿವೇ.

ತುಮಕೂರಿನ ಸೀಮೆಯಲ್ಲಿ ಕೆರೆಗಳು ತುಂಬುವುದು ಬಹುಮಟ್ಟಿಗೆ ಹಿಂಗಾರಿನ ಮೊದಲ ಮಳೆಗಳಿಂದ. ಹಸ್ತ ಚಿತ್ತೆಗಳು ಕೈಕೊಟ್ಟರೆ ಆ ವರ್ಷ ಕೆರೆಯಂಗಳದಲ್ಲಿ ದನ ಮೇಯುತ್ತದೆ. ತುಂಬಿದ ವರ್ಷ ಕಾರ್ತಿಕದ ವೇಳೆಗೆ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಅಗಲಕೊಕ್ಕಿನ ಬಾತುಗಳು ಬಯಲುಸೀಮೆಗೆ ಇಳಿಯುತ್ತವೆ. ಸಿಪಿಲೆಯೂ ಉಲ್ಲಂಕಿಯೂ ಅಂಚಿನ ಕೆಸರಿನಲ್ಲಿ ಓಡಾಡುತ್ತವೆ. ಇಲ್ಲಿಯೇ ನೆಲಸಿದ ನಾಮದಕೋಳಿ, ವರಟೆ, ಜಂಬುಕೋಳಿಗಳು ಜೊತೆಗೂಡುತ್ತವೆ. ಕುಣಿಗಲ್ಲಿನ ದೊಡ್ಡಕೆರೆ, ಶಿಂಷೆಗೆ ಅಡ್ಡವಾಗಿ ಕಟ್ಟಿದ ಮಾರ್ಕೋನಹಳ್ಳಿಯ ಜಲಾಶಯ, ರಾಮನೇ ಏರಿ ಹಾಕಿಸಿದನೆಂದು ಐತಿಹ್ಯವಿರುವ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಇವೆಲ್ಲವೂ ಕವಿ ಹೇಳುವ ‘ಕಾಸಾರ’ಗಳೇ. ಕುಣಿಗಲ್ ಕೆರೆಯ ಮೇಲಣ ಜನಪದಗೀತೆಯನ್ನು ಅರಿಯದ ಕನ್ನಡಿಗರು ವಿರಳ. ಚಂದ್ರೋದಯದೊಡನೆ ಕೆರೆಯನ್ನು ಕಣ್ಣಾರೆ ಕಂಡು ಹಾಡಿದ ಆ ಹಾಡಿಗೆ ಯಾವ ಅಷ್ಟಾದಶವರ್ಣನೆಯ ಪಟ್ಟಿಯೂ ಬೇಕಾಗಿರಲಿಲ್ಲ. ಇತ್ತ ಗುಬ್ಬಿಯ ಊರಹೆಸರೇ ಹಕ್ಕಿಯದು. 1513ರಲ್ಲಿ ಭಾವಚಿಂತಾರತ್ನವನ್ನು ರಚಿಸಿದ ಮಲ್ಲಣಾರ್ಯನೂ ಆ ಊರ ಹೆಸರಿನಿಂದಲೇ ಪ್ರಸಿದ್ಧನು.

ಹಳಗನ್ನಡಕ್ಕೆ ಹಂಸವು ‘ಅಂಚೆ’ಯಾಗಿಯೂ ಚಕ್ರವಾಕವು ‘ಜಕ್ಕವಕ್ಕಿ’ಯಾಗಿಯೂ ಕ್ರೌಂಚವು ‘ಕೊಂಚೆ’ಯಾಗಿಯೂ ಇಳಿದುಬಂದಿವೆ. ತದ್ಭವವಾಗಿ ಸವೆಯಬೇಕಾದರೆ ಶಬ್ದವು ಬಾಯಿಂದ ಬಾಯಿಗೆ ಓಡಾಡಿರಬೇಕು. ಪಂಡಿತರ ಓಲೆಯಲ್ಲಿಯೇ ಉಳಿದ ಶಬ್ದ ಹೀಗೆ ಸವೆಯುವುದು ಅಪೂರ್ವ. ಒಂದು ಕಾಲಕ್ಕೆ ಕೆರೆಯ ಏರಿಯ ಮೇಲೆ ನಿಂತು ‘ಅಂಚೆ’ ಎಂದವರಿದ್ದರೆಂದು ಊಹಿಸಲು ಇಷ್ಟು ಸಾಕು. ಇಂದು ಅಂಚೆಯೆಂದರೆ ಕಾಗದ ತರುವುದು ಮಾತ್ರ. ಕುಣಿಗಲ್ಲಿನ ಬೆಸ್ತರಿಗೂ ರೈತರಿಗೂ ನೀರುಹಕ್ಕಿಯೆಂದರೆ ಬಾತು, ಕೊಕ್ಕರೆ, ನೀರುಕಾಗೆ.

ಹೊಸಗನ್ನಡದಲ್ಲಿ ಈ ದಾರಿ ಬದಲಾಯಿತು. ಕುವೆಂಪು ಅವರ ‘ದೇವರು ರುಜು ಮಾಡಿದನು’ ಎಂಬ ಕವನದಲ್ಲಿರುವುದು ಬೆಳ್ಳಕ್ಕಿ. ಎದುರಿಗೆ ಹಾರಿಹೋದ ಸಾಲು. ತೇಜಸ್ವಿಯವರ ‘ಹಕ್ಕಿ ಪುಕ್ಕ’ವು ಗದ್ಯದಲ್ಲಿ ಅದೇ ಕೆಲಸವನ್ನು ಬೇರೊಂದು ಬಗೆಯಲ್ಲಿ ಮುಂದುವರಿಸಿತು. ಆದರೆ ಉಪಮೆಯ ಸೊಗಸಿನಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರ ಮಾತು ಕವಿಗಳ ಮಾತಿಗೆ ಕಡಮೆಯದಲ್ಲ. ಊರಿನ ಮರಗಳಲ್ಲಿ ಗೂಡುಕಟ್ಟಲು ಬರುವ ಹೆಜ್ಜಾರ್ಲೆ ಕೊಕ್ಕರೆಗಳನ್ನು ಅವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ತುಮಕೂರು ಜಿಲ್ಲೆಯಲ್ಲಿಯೇ, ಸಿರಾ ತಾಲ್ಲೂಕಿನ ಕಗ್ಗಲಡುವಿನವರು ಹುಣಿಸೆಮರಗಳ ಮೇಲಣ ಬಣ್ಣದ ಕೊಕ್ಕರೆಗಳನ್ನು ಕಾಯುತ್ತಾರೆ. ಆ ಹಕ್ಕಿಗೆ ನಮ್ಮ ಕಾವ್ಯಗಳಲ್ಲಿ ಹಂಸದ ಪದವಿ ಎಂದೂ ದೊರೆಯಲಿಲ್ಲ.

ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷಿಸಿದ ವರದಿ 1942–43ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಜಲಪಕ್ಷಿಗಣತಿ ನಡೆಯುತ್ತಿದೆ. ಕಾವ್ಯವ್ಯಾಖ್ಯಾನಕ್ಕೆ ಬೇಕಾದ ಸಾಮಗ್ರಿ ಹೀಗೆ ಬೇರೊಂದು ಶಾಸ್ತ್ರದವರ ಬಳಿ ಬಿದ್ದಿದೆ. ಸಾಹಿತ್ಯದವರು ಅದನ್ನು ಮುಟ್ಟಿರುವುದು ಅತ್ಯಲ್ಪ. ಅಷ್ಟರಲ್ಲಿ ಕೆರೆಗಳೂ ಮಾರ್ಪಡುತ್ತಿವೆ. ತುಮಕೂರಿನ ಅಮಾನಿಕೆರೆಯ ದಂಡೆ ಉದ್ಯಾನವಾಗಿದೆ. ಹೇಮಾವತಿಯ ನೀರು ನಾಲೆಯಲ್ಲಿ ಬಂದು ಊರಿನ ಬಾಯಾರಿಕೆಯನ್ನು ಹಿಂಗಿಸಿರುವುದು ನಿಜ. ಆದರೆ ಅಂಚಿನವರೆಗೆ ತುಂಬಿ ಮಟ್ಟವಿಳಿಯದೆ ನಿಂತ ಕೆರೆಯಲ್ಲಿ ತಲೆಯನ್ನಷ್ಟೇ ಮುಳುಗಿಸಿ ಮೇಯುವ ಬಾತುಗಳಿಗೆ ಬೇಕಾದ ತೆಳುನೀರಾಗಲಿ ಉಲ್ಲಂಕಿಗೆ ಬೇಕಾದ ಕೆಸರಾಗಲಿ ಉಳಿಯುವುದಿಲ್ಲ. ಸರೋವರವರ್ಣನೆಯನ್ನು ಪಾಠ ಹೇಳುವ ಉಪಾಧ್ಯಾಯರು ಪುಷ್ಯಮಾಘಗಳ ಒಂದು ಬೆಳಗ್ಗೆ ವಿದ್ಯಾರ್ಥಿಗಳನ್ನು ಕುಣಿಗಲ್ ಕೆರೆಯ ಏರಿಗೆ ಕರೆದೊಯ್ಯುವುದಾದರೆ ಅಲ್ಲಿ ಸೂಜಿಬಾಲದ ಬಾತುಗಳು ಕಂಡಾವು. ಕೆಲವು ವರ್ಷ ಕಾಣದೆಯೂ ಇದ್ದಾವು.