ಪ್ರಸಾರ ಮಾಧ್ಯಮ, ಪ್ರಭುತ್ವ ಮತ್ತು ಅನೇಕಾಂತ

ಗೃಹಸ್ಥನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ತಪ್ಪುದಾರಿಗೆಳೆಯುವ ಉಪದೇಶ, ಪರರ ಗುಟ್ಟನ್ನು ಬಯಲಿಗೆಳೆಯುವುದು, ಸುಳ್ಳು ಬರಹ ಇವು ಅವುಗಳಲ್ಲಿ ಮೂರು. ಇಂದಿನ ಸುದ್ದಿವಾಹಿನಿಗಳನ್ನು ಈ ಒರೆಗಲ್ಲಿಗೆ ಹಚ್ಚಿದರೆ ನಿರ್ದೋಷವಾಗಿ ಉಳಿಯುವಂಥವು ವಿರಳ. ಆದುದರಿಂದಲೇ ವಾಹಿನಿಗಳ ಮೇಲೆ ಅಧಿಕಾರಸ್ಥರು ಮುನಿದಾಗ ನಮ್ಮ ಸಜ್ಜನರು ಅನೇಕರು 'ಆಗಬೇಕಾದದ್ದೇ ಆಯಿತು' ಎಂದು ಸುಮ್ಮನಾಗುತ್ತಾರೆ. ಈ ಸಮಾಧಾನವು ಧರ್ಮಸಮ್ಮತವೇ ಎಂಬುದು ಪ್ರಸ್ತುತ ಲೇಖನದ ವಿಚಾರ.

ನಮ್ಮ ಜಿಲ್ಲೆಯ ಅನುಭವದಿಂದಲೇ ಆರಂಭಿಸೋಣ. 2019ರ ಲೋಕಸಭಾ ಚುನಾವಣೆಯಲ್ಲಿ ಅಂದಿನ ಮುಖ್ಯಮಂತ್ರಿ ಶ್ರೀ ಎಚ್.ಡಿ. ಕುಮಾರಸ್ವಾಮಿಯವರ ಪುತ್ರ ಶ್ರೀ ನಿಖಿಲ್ ಹಾಗೂ ಶ್ರೀಮತಿ ಸುಮಲತಾ ಅಂಬರೀಶ್ ಮಂಡ್ಯದಲ್ಲಿ ಎದುರಾಳಿಗಳಾಗಿದ್ದರು. ಮದ್ದೂರು, ಮಳವಳ್ಳಿಗಳ ರೈತನಿಗೆ ಕಬ್ಬಿನ ಬಾಕಿ, ನಾಲೆಯ ನೀರು ಮುಖ್ಯವಾಗಿದ್ದರೆ, ವಾಹಿನಿಗಳಿಗೆ ಮನೆತನ, ಜಾತಿ, ಚಿತ್ರರಂಗದ ನಂಟುಗಳೇ ಮುಖ್ಯವಾದವು. ತಂದೆ ಮಗನನ್ನು ಕರೆದ ಒಂದು ಮಾತು ವಾರಗಟ್ಟಲೆ ಗೇಲಿಯ ವಸ್ತುವಾಯಿತು. ಆ ವರ್ಷದ ಮೇ ತಿಂಗಳಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮುಖ್ಯಮಂತ್ರಿಗಳು, ರಾಜಕಾರಣಿಗಳನ್ನು ವಾಹಿನಿಗಳು ಹೀಗಳೆಯುವುದನ್ನು ತಡೆಯಲು ಕಾನೂನು ತರುವ ಆಲೋಚನೆಯಿದೆ ಎಂದರು. ಅವರ ನೋವು ಸಹಜವಾದದ್ದು. ಆದರೆ ನೊಂದವನೇ ನ್ಯಾಯಪೀಠದಲ್ಲಿ ಕುಳಿತು ಶಾಸನ ಬರೆಯುವುದು ಸಹಜವಲ್ಲ. ಆ ಸರ್ಕಾರ ಜುಲೈನಲ್ಲಿ ಉರುಳಿತು. ಮುಂದೆ ಬೇರೆ ಪಕ್ಷದ ಆಡಳಿತ ಬಂದ ಮೇಲೆ, ಅಕ್ಟೋಬರಿನಲ್ಲಿ, ವಿಧಾನಸಭೆಯೊಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ಸಭಾಧ್ಯಕ್ಷರು ಪ್ರವೇಶ ನಿಷೇಧಿಸಿದರು. ಪಕ್ಷ ಬದಲಾದರೂ ಪ್ರವೃತ್ತಿ ಬದಲಾಗಲಿಲ್ಲ.

ಹಾಗೆಂದು ಎಲ್ಲ ಸಂಯಮವೂ ದಬ್ಬಾಳಿಕೆಯಲ್ಲ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ತೀರ್ಪಿನಿಂದ ನಾಡು ಹೊತ್ತಿ ಉರಿದಾಗ, ಬೆಂಕಿಯ ದೃಶ್ಯಗಳನ್ನು ಮತ್ತೆ ಮತ್ತೆ ತೋರಿಸಿ ಕಿಚ್ಚು ಹೆಚ್ಚಿಸಬಾರದೆಂದು ಹೇಳುವುದರಲ್ಲಿ ಅನ್ಯಾಯವಿಲ್ಲ. ಪ್ರಾಣಹಾನಿಯ ಭಯವಿರುವಲ್ಲಿ ಮಾತಿನ ಮಿತಿ ಅಹಿಂಸೆಯ ಭಾಗವೇ. ಭಾಷಾಸಮಿತಿ ಎಂಬುದರ ಅರ್ಥವೂ ಅದೇ. ಆದರೆ ಸಮಿತಿಯು ನುಡಿಯುವವನು ತಾನಾಗಿ ಪಾಲಿಸುವ ಎಚ್ಚರ. ಇನ್ನೊಬ್ಬನ ಬಾಯಿಗೆ ಬೀಗ ಹಾಕುವುದಕ್ಕೆ ಆ ಹೆಸರು ಸಲ್ಲದು.

ಬೀಗ ಹಾಕುವ ವಿಧಾನಗಳು ಈಗ ಸೂಕ್ಷ್ಮವಾಗಿವೆ. ಕನ್ನಡದ ಪವರ್ ಟಿವಿಯು ಹಾಸನದ ಅಂದಿನ ಸಂಸದರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಪ್ರಸಾರ ಮಾಡುತ್ತಿತ್ತು. ಅದರ ಪರವಾನಗಿ ನವೀಕರಣಗೊಂಡಿಲ್ಲವೆಂಬ ಆಕ್ಷೇಪದ ಮೇಲೆ 2024ರ ಜೂನ್‌ನಲ್ಲಿ ಉಚ್ಚ ನ್ಯಾಯಾಲಯ ಪ್ರಸಾರವನ್ನು ತಡೆಯಿತು. ಜುಲೈ 12ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿ, ಇದು ರಾಜಕೀಯ ಸೇಡಿನಂತೆ ಕಾಣುತ್ತದೆಂದು ಅಭಿಪ್ರಾಯಪಟ್ಟಿತು. ವಾಹಿನಿಯ ಸುದ್ದಿ ಸುಳ್ಳೆಂದು ಯಾರೂ ಮೊದಲು ಸಾಧಿಸಲಿಲ್ಲ; ಪರವಾನಗಿಯ ಕಾಗದವೇ ಆಯುಧವಾಯಿತು.

ನೆರೆಯ ಕೇರಳದ ಮೀಡಿಯಾ ಒನ್ ವಾಹಿನಿಯ ಪ್ರಕರಣ ಇನ್ನೂ ಗಂಭೀರವಾದುದು. 2022ರ ಜನವರಿ 31ರಂದು ಕೇಂದ್ರ ಸರ್ಕಾರವು ಭದ್ರತೆಯ ಕಾರಣ ಹೇಳಿ ಅದರ ಪ್ರಸಾರ ನಿಲ್ಲಿಸಿತು. ಆ ಕಾರಣವೇನೆಂಬುದನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಕೊಟ್ಟರೇ ಹೊರತು ವಾಹಿನಿಗೆ ತಿಳಿಸಲಿಲ್ಲ. 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಸರ್ಕಾರದ ನೀತಿಯನ್ನು ಟೀಕಿಸುವುದು ದೇಶದ್ರೋಹವಲ್ಲವೆಂದು ಸ್ಪಷ್ಟಪಡಿಸಿತು. ಆಪಾದಿತನಿಗೆ ಆಪಾದನೆಯನ್ನೇ ಹೇಳದ ತೀರ್ಮಾನವು ಜೈನ ತರ್ಕದ ದೃಷ್ಟಿಯಲ್ಲಿ ಶುದ್ಧ ಏಕಾಂತ. ವಸ್ತುವಿನ ಒಂದು ಮುಖವನ್ನು ಹೇಳಿ ಉಳಿದವನ್ನು ನಿರಾಕರಿಸದಿರುವುದು ನಯ. ಉಳಿದವನ್ನು ಅಲ್ಲಗಳೆಯುವುದು ದುರ್ನಯ. ಪಕ್ಷಪಾತಿ ವಾಹಿನಿಯೂ ದುರ್ನಯಕ್ಕೆ ಜಾರಬಹುದು. ಆದರೆ ಅದನ್ನು ಅಲ್ಲಗಳೆಯಲು ಮತ್ತೊಂದು ವಾಹಿನಿಯುಂಟು. ಪ್ರಭುತ್ವದ ದುರ್ನಯಕ್ಕೆ ಎದುರುತ್ತರ ಕೊಡುವ ಬಾಯಿಯೇ ಉಳಿಯುವುದಿಲ್ಲ.

ಇದು ನಮಗೆ ಸಂಬಂಧಿಸದ ವಿಷಯವೆಂದು ಭಾವಿಸುವವರು 2015ನ್ನು ನೆನೆಯಬೇಕು. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಮಾನಿಸಿತು. ಶ್ರವಣಬೆಳಗೊಳದ ನಿಸಿದಿ ಶಾಸನಗಳನ್ನು ಬಲ್ಲ ನಮಗೆ ಅದು ಅಸಹನೀಯವಾಗಿತ್ತು. ಅನೇಕ ವಾಹಿನಿಗಳ ಚರ್ಚೆ ನಮ್ಮನ್ನು ನೋಯಿಸಿತು. ಆದರೆ ಆಗಸ್ಟ್ 24ರಂದು ದೇಶಾದ್ಯಂತ ಜೈನರು ನಡೆಸಿದ ಮೌನ ಮೆರವಣಿಗೆಯನ್ನು ಮನೆಮನೆಗೆ ಮುಟ್ಟಿಸಿದವೂ ಅವೇ. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅಂದು ನಾವು ಅಲ್ಪಸಂಖ್ಯೆಯ, ಕೇಳಿಸಿಕೊಳ್ಳಬೇಕಾದ ಪಕ್ಷವಾಗಿದ್ದೆವು. ಅಧಿಕಾರಸ್ಥರಿಗೆ ಒಪ್ಪಿಗೆಯಾದುದನ್ನು ಮಾತ್ರ ಹೇಳುವ ವಾಹಿನಿಗಳಿದ್ದಿದ್ದರೆ ಆ ಮೌನ ಯಾರಿಗೆ ಕೇಳಿಸುತ್ತಿತ್ತು?

ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯ ನಡುವೆಯೂ ಧ್ವಜವೇರಿಸಿದ ಜನ ನಮ್ಮವರು. ಅದೇ ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದಲ್ಲಿ ಜಿನಬಿಂಬಗಳಿವೆ. ಅಭಯವೂ ಅಹಿಂಸೆಯೂ ಈ ನೆಲದಲ್ಲಿ ಬೇರೆಬೇರೆಯಲ್ಲ.

ಆದಕಾರಣ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಮುನಿಗಳ ಬಗೆಗೋ ಆಚಾರದ ಬಗೆಗೋ ವಾಹಿನಿಯೊಂದು ತಪ್ಪು ಹೇಳಿದಾಗ 'ವಾಹಿನಿಯನ್ನು ಮುಚ್ಚಿಸಿ' ಎಂದು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವ ಆತುರ ಬೇಡ. 2021ರ ಕೇಬಲ್ ನಿಯಮಗಳ ಪ್ರಕಾರ ದೂರನ್ನು ಮೊದಲು ವಾಹಿನಿಗೇ ಬರೆದು ಕೊಡಬಹುದು; 15 ದಿನಗಳೊಳಗೆ ಅದು ಉತ್ತರಿಸಬೇಕು. ತೃಪ್ತಿಯಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಮೂರನೆಯ ಮೆಟ್ಟಿಲಲ್ಲಿ ಸರ್ಕಾರವೇ ಕುಳಿತಿರುವುದು ಆ ನಿಯಮಗಳ ದೋಷ. ಅಲ್ಲಿಯವರೆಗೆ ಹೋಗದೆ ತಿದ್ದುಪಡಿ ಪಡೆಯುವುದೇ ಲೇಸು. ಪ್ರಮಾಣಸಹಿತವಾದ ಉತ್ತರವನ್ನು ಬರೆಯಬಲ್ಲ ಒಬ್ಬಿಬ್ಬರು ವಿದ್ವಾಂಸರನ್ನು ಪ್ರತಿ ಮಂಡಳಿಯೂ ಗೊತ್ತುಮಾಡಿಕೊಳ್ಳಲಿ. ಇಂದು ನಮಗಾಗಿ ಬೇರೊಬ್ಬರ ಬಾಯಿ ಮುಚ್ಚಿಸಿದ ಕೈಯೇ ನಾಳೆ ನಮ್ಮ ಮಾತನ್ನೂ ತಡೆದೀತು ಎಂಬ ವಿವೇಕ ನಮ್ಮಲ್ಲಿರಲಿ.