ಆರು ಡಯೋಡುಗಳ ಒಮ್ಮುಖ ದಾರಿ

ಆಷಾಢದ ಗಾಳಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹೊಲಗಳ ಮೇಲೆ ಭೋರೆಂದಾಗ ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ನೆನಪಾಗುತ್ತದೆ. ಕಾಳನ್ನೇನೋ ತೂರಿ ಚೀಲಕ್ಕೆ ತುಂಬಬಹುದು. ಕರೆಂಟಿಗೆ ಚೀಲವೆಂದರೆ ಬ್ಯಾಟರಿ; ಅದು ಒಪ್ಪುವುದು ಒಂದೇ ದಿಕ್ಕಿನ ಹರಿವನ್ನು, ಡಿಸಿಯನ್ನು.

ಗುಜರಿಗೆ ಬಿದ್ದ ಎಲೆಕ್ಟ್ರಿಕ್ ಸ್ಕೂಟರಿನ ಹಬ್ ಮೋಟಾರಿಗೆ ರೆಕ್ಕೆ ಕಟ್ಟಿ ತಿರುಗಿಸಿದರೆ, ಒಳಗಿನ ಅಯಸ್ಕಾಂತಗಳ ದೆಸೆಯಿಂದ ಅದೇ ಜನರೇಟರ್. ಆದರೆ ಅದರ ಮೂರು ತಂತಿಗಳಲ್ಲಿ ಕರೆಂಟು ಉಯ್ಯಾಲೆಯಂತೆ ಹಿಂದೆ ಮುಂದೆ ಜೀಕುತ್ತದೆ. ಅದನ್ನು ಒಂದೇ ಸಾಲಿಗೆ ತರುವುದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆರು ಡಯೋಡುಗಳ ಸೇತುವೆ. ಇದರ ಮೂಲರೂಪವಾದ ನಾಲ್ಕರ ಸೇತುವೆಗೆ ಪೋಲಿಷ್ ವಿದ್ಯುತ್ ತಂತ್ರಜ್ಞ ಕಾರೋಲ್ ಪೊಲ್ಲಾಕ್ ಪೇಟೆಂಟ್ ಪಡೆದದ್ದು 1895–96ರಲ್ಲಿ. ಲಾರಿಯ ಆಲ್ಟರ್ನೇಟರಿನೊಳಗೂ ಇದೇ ಆರರ ಜೋಡಣೆ. ಹೆದ್ದಾರಿ 48ರ ಬದಿಯ ಎಲೆಕ್ಟ್ರಿಷಿಯನ್ನರಿಗೆ ಅದು ದಿನನಿತ್ಯದ ‘ಡಯೋಡ್ ಪ್ಲೇಟ್’.

ಈ ಸೇತುವೆಗೂ ಸುಂಕವಿದೆ. ಕರೆಂಟು ದಾಟುವುದು ಎರಡು ಡಯೋಡುಗಳನ್ನು. ತಲಾ ಸುಮಾರು 0.7ರಂತೆ 1.4 ವೋಲ್ಟ್ ಶಾಖವಾಗಿ ಹೋಗುತ್ತದೆ. ಹಾಗಾಗಿ 12 ವೋಲ್ಟಿನ ಬ್ಯಾಟರಿ ತುಂಬಲು ಮೋಟಾರು ಹೆಚ್ಚುಕಡಿಮೆ 14 ದಾಟಬೇಕು. ಶಾಟ್ಕಿ ಡಯೋಡು ಹಾಕಿದರೆ ಈ ಸುಂಕ ಇಳಿಯುತ್ತದೆ, ಮೆಲುಗಾಳಿಯೂ ದುಡಿಯುತ್ತದೆ.

ನನಗೆ ಹೆಚ್ಚು ಇಷ್ಟ ಈ ಸೇತುವೆಯ ಮೌನ ಕಾವಲು. ಗಾಳಿ ನಿಂತಾಗ ಕೂಡಿಟ್ಟದ್ದು ಮೋಟಾರಿನತ್ತ ಹಿಂದಕ್ಕೆ ಸೋರದಂತೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಹೊಲದ ಗುಡಿಸಲಿನ ಎಲ್‌ಇಡಿ ದೀಪ ಉರಿಯುತ್ತಲೇ ಇರುತ್ತದೆ.