ಕೆಂಪು ಮಣ್ಣಿಗೆ ಸುಣ್ಣ: ಕೋಷ್ಟಕವೊಂದೇ ಸಾಲದು

ಗೊರೂರಿನಿಂದ ಸಕಲೇಶಪುರದ ಕಡೆ ಹೊರಟರೆ ರಸ್ತೆಯ ಅಂಚಿನ ಮಣ್ಣು ನಿಮಗೆ ಉದ್ದಕ್ಕೂ ಕೆಂಪಾಗಿಯೇ ಕಾಣುತ್ತದೆ. ಆದರೆ ಅದೆಲ್ಲ ಒಂದೇ ಮಣ್ಣಲ್ಲ. ಹೇಮಾವತಿ ಅಣೆಕಟ್ಟಿನ ಸುತ್ತ ಹೆಚ್ಚಾಗಿರುವುದು ನೈಸ್ ಶಿಲೆ ಶಿಥಿಲವಾಗಿ ಉಂಟಾದ ಕೆಂಪು ಮಣ್ಣು. ಮಳೆ ಹೆಚ್ಚಿರುವ ಮಲೆನಾಡಿನ ಕಡೆಗೆ ಹೋದಂತೆ ಸಿಲಿಕ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದ ಜಂಬಿಟ್ಟಿಗೆ ಮಣ್ಣು ಸಿಗುತ್ತದೆ. ರಸ್ತೆಯ ತಳಪದರಕ್ಕೆ ಸುಣ್ಣವನ್ನೋ ಸಿಮೆಂಟನ್ನೋ ಬೆರೆಸುವವರು ಬಣ್ಣ ನೋಡಿ ಎರಡನ್ನೂ ಒಂದೇ ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2010ರಲ್ಲಿ ಹೊರತಂದ ಎಸ್‌ಪಿ 89 ಕೈಪಿಡಿ ಈ ಕೆಲಸಕ್ಕೆ ಬಳಕೆಯಲ್ಲಿದೆ. 2018ರಲ್ಲಿ ಅದರ ಎರಡನೆಯ ಭಾಗವೂ ಬಂದಿತು. ಸಿಮೆಂಟು, ಸುಣ್ಣ, ಹಾರುಬೂದಿಗಳನ್ನು ಒಂದೆಡೆ ತಂದದ್ದು ಉಪಕಾರವೇ. ಯಾವ ಮಣ್ಣಿಗೆ ಯಾವುದು ಎಂಬ ಆಯ್ಕೆಯನ್ನು ಅದು ಎರಡು ಅಳತೆಗಳ ಮೇಲೆ ನಿಲ್ಲಿಸುತ್ತದೆ: 75 ಮೈಕ್ರಾನ್ ಜರಡಿಯಿಂದ ಇಳಿಯುವ ನುಣ್ಣನೆಯ ಕಣಗಳ ಪ್ರಮಾಣ ಮತ್ತು ಸುಘಟ್ಯತಾ ಸೂಚ್ಯಂಕ. ನನ್ನ ತಕರಾರು ಇಲ್ಲಿದೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಈ ಎರಡು ಅಳತೆಗಳೂ ಸ್ಥಿರವಲ್ಲ.

ಒಣಗಿದಾಗ ಆಕ್ಸೈಡುಗಳು ನುಣ್ಣನೆಯ ಕಣಗಳನ್ನು ಅಂಟಿಸಿ ಗುಂಪುಗೂಡಿಸುತ್ತವೆ. ನೀರು ಹಾಕಿದರೂ ಅವು ಪೂರ್ತಿ ಬಿಡುವುದಿಲ್ಲ. ಒಲೆಯಲ್ಲಿ 105 ಡಿಗ್ರಿಗೆ ಒಣಗಿಸಿದ ಮಾದರಿ ಕಡಿಮೆ ಜೇಡಿಯ, ಕಡಿಮೆ ಸುಘಟ್ಯತೆಯ ಮಣ್ಣಿನಂತೆ ನಟಿಸುತ್ತದೆ. ಕೋಷ್ಟಕ ಅದಕ್ಕೆ ಸಿಮೆಂಟು ಸಾಕು ಎಂದೀತು. ಆದರೆ ರಸ್ತೆಗೆ ಬೀಳುವುದು ಒಲೆ ಕಾಣದ ಹಸಿ ಮಣ್ಣು. ಮಿಶ್ರಣ ಮಾಡುವಾಗ, ರೋಲರ್ ಓಡಿದಾಗ ಇರುವ ಗುಂಪುಗಳೂ ಒಡೆಯುತ್ತವೆ. ಅಡಗಿದ್ದ ಜೇಡಿ ಹೊರಬರುತ್ತದೆ. ಗಾಳಿಯಲ್ಲಿ ಒಣಗಿಸಿ, ಮಳೆಗಾಲದಲ್ಲಿ ಯಂತ್ರ ಬಳಸಿದರೂ 60 ಡಿಗ್ರಿ ಮೀರಬೇಡಿ ಎಂದು ಐಎಸ್ 2720 ಹೇಳುತ್ತದೆ. ಜಂಬಿಟ್ಟಿಗೆಗೆ ಅದೂ ಸಾಲದು. ಸ್ವಾಭಾವಿಕ ತೇವದಲ್ಲೇ ಒಂದು ಮಾದರಿಯನ್ನು ಪರೀಕ್ಷಿಸಿ. ಐದು ನಿಮಿಷ ಕಲಸಿದ್ದನ್ನೂ ಅರ್ಧ ಗಂಟೆ ಕಲಸಿದ್ದನ್ನೂ ಹೋಲಿಸಿ. ಸಂಖ್ಯೆಗಳು ಬೇರೆಯಾದರೆ ಕೋಷ್ಟಕವನ್ನು ಬದಿಗಿಡಿ.

ಸುಣ್ಣದ ಕಥೆಯೂ ಹೀಗೆಯೇ. ಕಪ್ಪು ಮಣ್ಣಿನ ಮಾಂಟ್‌ಮೊರಿಲೊನೈಟ್ 100 ಗ್ರಾಮಿಗೆ 80ರಿಂದ 150 ಮಿಲಿತುಲ್ಯಾಂಕದಷ್ಟು ಅಯಾನುಗಳನ್ನು ವಿನಿಮಯ ಮಾಡಬಲ್ಲದು. ಜಂಬಿಟ್ಟಿಗೆಯ ಕೆಯೊಲಿನೈಟ್ ಬರೀ 3ರಿಂದ 15. ಹಾಗಾಗಿ ಕಪ್ಪು ಮಣ್ಣು ಸುಣ್ಣ ಬಿದ್ದೊಡನೆ ಪುಡಿಪುಡಿಯಾಗುವ ಆ ಚಮತ್ಕಾರವನ್ನು ಇಲ್ಲಿ ನಿರೀಕ್ಷಿಸಬೇಡಿ. ಬಲ ಬರಬೇಕಾದದ್ದು ನಿಧಾನದ ಪೊಜೊಲಾನಿಕ್ ಕ್ರಿಯೆಯಿಂದ. ಪಿಎಚ್ 12.4 ಮುಟ್ಟುವಷ್ಟು ಸುಣ್ಣ ಸಾಕು ಎಂಬ ಈಡ್ಸ್–ಗ್ರಿಮ್ ಪರೀಕ್ಷೆ (1966) ಕನಿಷ್ಠ ಪ್ರಮಾಣವನ್ನು ಸೂಚಿಸುತ್ತದೆ, ಬಲ ಬಂದೇ ಬರುತ್ತದೆಂಬ ಭರವಸೆ ಕೊಡುವುದಿಲ್ಲ.

ಇನ್ನು ಫಲಿತಾಂಶದ ಲೆಕ್ಕ. ನಾಲ್ಕು ದಿನ ನೆನೆಸಿದ ಸಿಬಿಆರ್ ಹಲವು ಪಟ್ಟು ಏರಿತೆಂದು ಹಿಗ್ಗುವ ವರದಿಗಳನ್ನು ನೀವು ಓದಿರಬಹುದು. ಗಟ್ಟಿಯಾಗಿ ಬಂಧಿತವಾದ ಪದರಕ್ಕೆ ಸಿಬಿಆರ್ ಸರಿಯಾದ ಅಳತೆಗೋಲೇ ಅಲ್ಲ. ನಮ್ಮ ಮಳೆ–ಬಿಸಿಲಿಗೆ ಹತ್ತಿರವಾದದ್ದು ತೇವ–ಶುಷ್ಕ ಬಾಳಿಕೆ ಪರೀಕ್ಷೆ: 5 ಗಂಟೆ ನೀರಿನಲ್ಲಿ, 42 ಗಂಟೆ 71 ಡಿಗ್ರಿಯಲ್ಲಿ, ಹೀಗೆ 12 ಸುತ್ತು. ಮೊದಲ ಏಳು ದಿನಗಳ ಕ್ಯೂರಿಂಗ್ ಸೇರಿದರೆ ಸುಮಾರು ಒಂದು ತಿಂಗಳು. ಆ ತಿಂಗಳನ್ನು ಟೆಂಡರ್ ಕರೆಯುವ ಮೊದಲೇ ಎತ್ತಿಡಬೇಕು.